ಬಿಳಿ ಪೆಟ್ಟಿಗೆಯ ಬೆಲೆ ಇಳಿಯುವ ತನಕ

ನಮ್ಮ ಮಾಮನನ್ನು ಕೇಳಿದರೆ, ಜಗತ್ತಿನ ಎರಡು ಭಾರಿ ವಿಡಿಯೊ ಗೇಮ್ ಕಂಪನಿಗಳು ತಮ್ಮ ಯಂತ್ರಗಳಿಗೆ ಬೆಲೆ ಕಟ್ಟುವುದು ಜಪಾನಿನಲ್ಲೂ ಅಲ್ಲ, ಅಮೆರಿಕದಲ್ಲೂ ಅಲ್ಲ. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ ಸೇತುವೆ ಇಳಿದ ಕೂಡಲೇ ಸಿಗುವ ಅವರ ಹೋಟೆಲಿನ ಗಲ್ಲಾದ ಮೇಲೆ! ತಮಾಷೆಗೆ ಹೇಳುತ್ತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮಾಮ ತಮಾಷೆ ಮಾಡುವವರೇ ಅಲ್ಲ. ಗೇಮಿನ ಗುಂಡಿ ಒಂದನ್ನಾದರೂ ಒತ್ತಿ ಗೊತ್ತೇ ಎಂದರೆ ಅದೂ ಇಲ್ಲ. ಆದರೆ ಯಾವ ಯಂತ್ರದ ಬೆಲೆ ಯಾವಾಗ ಇಳಿಯುತ್ತದೆ, ಯಾಕೆ ಇಳಿಯುತ್ತದೆ, ಇಳಿದರೆ ಎದುರಾಳಿಯ ಹೊಟ್ಟೆಯಲ್ಲಿ ಎಂತೆಂಥ ಸಂಕಟ ಏಳುತ್ತದೆ ಎಂಬುದನ್ನೆಲ್ಲ ಚಿಲ್ಲರೆ ಕೊಡುತ್ತ ಕೊಡುತ್ತಲೇ ಹೇಳಿಬಿಡುತ್ತಿದ್ದರು.

ಇದೆಲ್ಲ ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಮಾಮ ಎಂದರೆ ನನ್ನ ಅಮ್ಮನ ಅಣ್ಣ, ಉಡುಪಿ ಕಡೆಯವರು. ನಾನಾಗ ಠಾಣೆಯ ವರ್ತಕ ನಗರದಲ್ಲಿ ಮನೆ ಮಾಡಿಕೊಂಡು ವಾಶಿಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಭಾನುವಾರ ಬಂತೆಂದರೆ ಡೊಂಬಿವಲಿಯ ಮಾಮನ ಮನೆಗೆ ಹಾಜರ್! ಅತ್ತೆಯ ನೀರುದೋಸೆಯ ಆಸೆ ಒಂದು ಕಡೆ, ಮಾಮನ ಅವಾಂತರ ನೋಡುವ ಆಸೆ ಇನ್ನೊಂದು ಕಡೆ. ಯಾವುದು ಹೆಚ್ಚು ಎಂದು ಕೇಳಬೇಡಿ, ಅತ್ತೆ ಓದಿದರೆ ಬೇಸರ ಮಾಡಿಕೊಳ್ಳುತ್ತಾರೆ.

ಕಥೆ ಶುರುವಾದದ್ದೇ ಅತ್ತೆಯಿಂದ. ಅತ್ತೆ ಶಾಲೆಯಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡಿದವರು. ಸುಮ್ಮನೆ ಆಡಿದವರಲ್ಲ, ತಾಲೂಕಿಗೇ ಹೆಸರು ಮಾಡಿದವರು! ಆಗ ಗೆದ್ದ ಬೆಳ್ಳಿ ಬಣ್ಣದ ಬಹುಮಾನದ ಕಪ್ ಅವರ ಜೊತೆಗೇ ಡೊಂಬಿವಲಿಗೆ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಸೌಟು ಚಮಚಗಳನ್ನು ಹೊತ್ತುಕೊಂಡು ನಿಂತಿತ್ತು. ಮದುವೆಯಾದ ಮೇಲೆ ಅವರು ಬೀಸಿದ್ದು ಬೀಸಣಿಗೆ ಒಂದನ್ನೇ. ಹೀಗಿರುವಾಗ ಪಕ್ಕದ ಮನೆಯ ಸುಲಭಾ ವಹಿನಿಗೆ, ಅಂದರೆ ಸುಲಭಾ ಅತ್ತಿಗೆಗೆ, ಅವರ ಅಳಿಯ ಒಂದು ಬಿಳಿ ಪೆಟ್ಟಿಗೆ ತಂದುಕೊಟ್ಟ. ಅದನ್ನು ಟಿವಿಗೆ ಜೋಡಿಸಿ, ರಿಮೋಟಿನಂಥ ಹಿಡಿಯನ್ನು ಕೈಯಲ್ಲಿ ಹಿಡಿದು ಬೀಸಿದರೆ ಸಾಕು, ಟಿವಿಯೊಳಗಿನ ಗೊಂಬೆ ಟೆನಿಸ್ ಬ್ಯಾಟು ಬೀಸುತ್ತದೆ! ನೋಡಲು ಕರೆದಿದ್ದಾರೆಂದು ಹೋದ ಅತ್ತೆ, ‘ಒಮ್ಮೆ ಕೊಡಿ’ ಎಂದು ಸೆರಗು ಸಿಕ್ಕಿಸಿ ನಿಂತರು. ಮೊದಲ ಹೊಡೆತಕ್ಕೇ ಶೋಕೇಸಿನ ಮೇಲಿದ್ದ ಪ್ಲಾಸ್ಟಿಕ್ಕಿನ ಹೂದಾನಿ ಬಾಲ್ಕನಿಯ ಕಡೆಗೆ ಹಾರಿತು. ಎರಡನೆಯ ಹೊಡೆತಕ್ಕೆ ಟಿವಿಯೊಳಗಿನ ಎದುರಾಳಿ ತಬ್ಬಿಬ್ಬಾದ.

"ಅಗ ಬಾಯಿ! ತುಮ್ಹೀ ತರ್ ಛುಪಿ ರುಸ್ತಮ್ ನಿಘಾಲಾತ್!" ಎಂದು, ಅತ್ತೆಯೊಳಗೆ ಅಡಗಿದ್ದ ಪೈಲ್ವಾನನನ್ನು ಕಂಡು ಸುಲಭಾ ವಹಿನಿ ಕೆನ್ನೆಗೆ ಕೈ ಹಚ್ಚಿ ನಿಂತುಬಿಟ್ಟರು.

ಅಂದು ಅತ್ತೆ ಮನೆಗೆ ಬಂದದ್ದು ನಡೆದುಕೊಂಡಲ್ಲ, ಕುಣಿದುಕೊಂಡು. ಊಟಕ್ಕೆ ಬಡಿಸುವಾಗ ಮಾಮನನ್ನು ಕೇಳಿದರು, "ಹೋಯ್, ನಮಗೂ ಅಂಥದ್ದೊಂದು ತಕ್ಕೊಳ್ಳುವನಾ?"

ಇಲ್ಲಿ ಒಂದು ಮಾತು ಹೇಳಲೇಬೇಕು. ಅತ್ತೆ ಏನನ್ನೂ ಕೇಳುವವರಲ್ಲ. ಸೀರೆ ಕೇಳಿದವರಲ್ಲ, ಬಳೆ ಕೇಳಿದವರಲ್ಲ. ಅವರು ಬಾಯಿಬಿಟ್ಟು ‘ಬೇಕು’ ಎಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾಮ ಬೇಡ ಎಂದರೇ? ಛೆ! ತುತ್ತು ಕೈಯಲ್ಲೇ ಹಿಡಿದು, ಮುಖ ಅರಳಿಸಿ, "ತಕ್ಕೊಳ್ಳುವ ಮಾರಾಯ್ತಿ, ಖಂಡಿತ ತಕ್ಕೊಳ್ಳುವ. ಬೆಲೆ ಸ್ವಲ್ಪ ಇಳೀಲಿ" ಎಂದರು. ಬೆಲೆ ಇಳೀಲಿ! ಆ ಎರಡು ಶಬ್ದಗಳ ಹಿಂದೆ ನಾವೆಲ್ಲ ಎಷ್ಟು ಕಾಲ ಓಡಬೇಕಾದೀತೆಂದು ಆಗ ಯಾರಿಗೆ ಗೊತ್ತಿತ್ತು?

ಮಾಮನಿಗೆ ಈ ರೋಗ ಅಂಟಿದ್ದು ಹೋಟೆಲಿನಿಂದ. ರಸ್ತೆಯ ಆಚೆ ಬದಿಯಲ್ಲಿ ಇನ್ನೊಂದು ಉಡುಪಿ ಹೋಟೆಲಿತ್ತು. ಆ ಹೋಟೆಲಿನವರು ಒಮ್ಮೆ ಇಡ್ಲಿಯ ರೇಟು ಇಳಿಸಿದರು. ಮಾಮ ಬಿಡುತ್ತಾರೆಯೇ? ಅವರಿಗಿಂತ ಕೆಳಗೆ ಇಳಿಸಿದರು. ಅವರು ಇನ್ನೂ ಇಳಿಸಿದರು. ಹೀಗೆ ಇಳಿದೂ ಇಳಿದೂ ಇಡ್ಲಿಗಿಂತ ಅದನ್ನು ಬೇಯಿಸುವ ಗ್ಯಾಸೇ ದುಬಾರಿ ಎನ್ನುವ ಸ್ಥಿತಿಗೆ ಬಂತು. ಡೊಂಬಿವಲಿಯ ಜನ ಎರಡೂ ಕಡೆ ತಿಂದು ಗುಂಡಗಾದರು. ಆದರೆ ಮಾಮ ಸೋಲಲಿಲ್ಲ; ಸದ್ದಿಲ್ಲದೆ ಚಹಾ–ಕಾಫಿಯ ರೇಟು ಏರಿಸಿದ್ದರು. ಇಡ್ಲಿ ತಿಂದ ಮೇಲೆ ಚಹಾ ಬೇಡ ಎನ್ನುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಅವರ ಸಿದ್ಧಾಂತ. ಎದುರಿನವರು ಕೊನೆಗೆ ಕೈಚೆಲ್ಲಿ ಇಡ್ಲಿಯನ್ನು ಹಳೆಯ ರೇಟಿಗೇ ತಂದರು.

ಅದಾದ ಮೇಲೆ ಬೆಲೆ ಎಂಬ ವಿಷಯದಲ್ಲಿ ತಮಗೆ ತಿಳಿಯದ್ದು ಏನೂ ಇಲ್ಲ ಎಂದು ಮಾಮ ತೀರ್ಮಾನಿಸಿದ್ದರು. ಬಿಳಿ ಪೆಟ್ಟಿಗೆಯ ವಿಚಾರಣೆಗೆಂದು ನನ್ನನ್ನು ಕರೆದುಕೊಂಡು ವಾಶಿಯ ಮಾಲ್‌ಗೆ ಹೋದರು. ಅಲ್ಲಿ ನೋಡಿದರೆ ಬಿಳಿ ಪೆಟ್ಟಿಗೆಯ ಪಕ್ಕದಲ್ಲೇ ಇನ್ನೊಂದು ಕಂಪನಿಯ ಕರಿ ಪೆಟ್ಟಿಗೆ! ಗಾತ್ರದಲ್ಲೂ ದೊಡ್ಡದು, ರೇಟಿನಲ್ಲೂ ದೊಡ್ಡದು.

"ಇದು ಯಾಕಪ್ಪ ಇಷ್ಟು?" ಎಂದು ಮಾಮ ಹಿಂದಿಯಲ್ಲಿ ಕೇಳಿದರು.

ಸೇಲ್ಸ್‌ಮನ್ ನಮ್ರವಾಗಿ, "ಅಂಕಲ್, ಇಸ್ ರೇಟ್ ಮೇ ಭೀ ಕಂಪನಿ ಕೋ ನುಕ್ಸಾನ್ ಹೈ. ಮಶೀನ್ ಮೇ ನಹೀ, ಗೇಮ್ ಮೇ ಕಮಾತೇ ಹೈ" ಎಂದ. ಯಂತ್ರ ನಷ್ಟಕ್ಕೆ ಮಾರಿ, ಆಮೇಲೆ ಒಂದೊಂದೇ ಗೇಮು ಮಾರಿ ಲಾಭ ಮಾಡುತ್ತಾರಂತೆ!

ಮಾಮ ಎರಡೂ ಕೈ ಎತ್ತಿ ಇಡೀ ಮಾಲ್‌ಗೆ ಕೇಳುವಂತೆ ಕೂಗಿದರು. "ಅಯ್ಯೋ ದೇವರೇ! ಇದು ನಮ್ಮ ಇಡ್ಲಿ!"

ಸೆಕ್ಯುರಿಟಿಯವನು ಓಡಿ ಬಂದ. ನಾನು ಪಕ್ಕದ ಫ್ರಿಜ್ಜಿನ ಬಾಗಿಲು ತೆರೆದು ಮುಖ ಒಳಗಿಟ್ಟುಕೊಂಡೆ. ಮಾಮನಿಗೆ ಇದಾವುದರ ಪರಿವೆಯೂ ಇಲ್ಲ. ಲೋಕಲ್ ಟ್ರೇನಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಪಾಠ! "ನೋಡು ಮಾರಾಯ್ತಿ, ಕರಿ ಪೆಟ್ಟಿಗೆಯವನ ಹೋಟೆಲಿಗೆ ಜನ ಇಲ್ಲ. ಎಲ್ಲ ಎದುರಿನ ಬಿಳಿಯವನ ಹೋಟೆಲಿಗೆ ಹೋಗ್ತಾ ಇದ್ದಾರೆ. ಇವನು ಎಷ್ಟು ದಿನ ತಡೀತಾನೆ? ಇಳಿಸ್ತಾನೆ. ಇವನು ಇಳಿಸಿದ ಮೇಲೆ ಬಿಳಿಯವನು ಸುಮ್ನೆ ಕೂತ್ಕೊಳ್ತಾನಾ? ಅವನೂ ಇಳಿಸ್ತಾನೆ. ಆಗ ನಾವು ಹೋಗಿ ತಕ್ಕೊಳ್ಳುವುದು!"

"ಹಾಗಾದರೆ ಬಿಳಿಯವನು ಇಳಿಸಬೇಕಾದರೆ ಮೊದಲು ಕರಿಯವನು ಇಳಿಸಬೇಕು?" ಎಂದೆ.

"ಅದೇ! ನಿನಗೆ ತಲೆ ಉಂಟು."

ಅಂದಿನಿಂದ ಮಾಮನ ಭಾನುವಾರಗಳು ದಂಡಯಾತ್ರೆಗಳಾದವು. ಠಾಣೆಯ ಅಂಗಡಿಗೆ ಹೋಗಿ, "ವಾಶಿಯಲ್ಲಿ ಕರಿ ಪೆಟ್ಟಿಗೆ ಇದಕ್ಕಿಂತ ಕಡಿಮೆಗೆ ಕೊಡ್ತಾರೆ" ಎನ್ನುವುದು. ವಾಶಿಗೆ ಹೋಗಿ, "ಠಾಣೆಯಲ್ಲಿ ಇದಕ್ಕಿಂತ ಕಡಿಮೆ" ಎನ್ನುವುದು. ಕಲ್ಯಾಣದಲ್ಲಿ ಎರಡರ ಹೆಸರನ್ನೂ ಹೇಳುವುದು! ಕೊನೆಯ ನಿಲ್ದಾಣ ಉಲ್ಹಾಸನಗರದ ಒಂದು ಸಣ್ಣ ಅಂಗಡಿ. ಅಲ್ಲಿಯ ಶೇಠ್ ಮಾಮನನ್ನು ಕಂಡ ಕೂಡಲೇ ಕ್ಯಾಲ್ಕುಲೇಟರ್ ಹೊರಗಿಡುತ್ತಿದ್ದ. ಶೇಠ್ ಒಂದು ರೇಟು ಹೇಳುವುದು, ಮಾಮ ನಗುವುದು, ಶೇಠ್ ಸ್ವಲ್ಪ ಇಳಿಸುವುದು, ಮಾಮ ಎದ್ದು ಹೊರಡುವುದು, ಶೇಠ್ ಮೆಟ್ಟಿಲ ತನಕ ಬಂದು ಕರೆಯುವುದು, ಮಾಮ ‘ಮುಂದಿನ ವಾರ’ ಎನ್ನುವುದು. ಒಂದು ಭಾನುವಾರ ಜ್ವರ ಬಂದು ಮಾಮ ಹೋಗದಿದ್ದಾಗ ಶೇಠ್ ಪಾಪ ಫೋನು ಮಾಡಿ, "ಅಂಕಲ್, ಆಜ್ ನಹೀ ಆಯೇ?" ಎಂದು ವಿಚಾರಿಸಿದ್ದ. ಒಂದು ರೂಪಾಯಿಯ ವ್ಯಾಪಾರ ಕೊಡದ ಗಿರಾಕಿಯ ಮೇಲೆ ಇಷ್ಟು ಪ್ರೀತಿ ನಾನು ಎಲ್ಲೂ ನೋಡಿಲ್ಲ.

ಈ ನಡುವೆ ವಿಡಿಯೊ ಗೇಮಿನವರಿಂದ ಕಲಿತದ್ದನ್ನು ಹೋಟೆಲಿನಲ್ಲಿ ಪ್ರಯೋಗ ಮಾಡಲು ಮಾಮ ಹೊರಟರು ನೋಡಿ! ಯಂತ್ರ ಅಗ್ಗ, ಗೇಮು ದುಬಾರಿ. ಸರಿ. ಹಾಗಾದರೆ ಇಡ್ಲಿ ಅರ್ಧ ಬೆಲೆ, ಚಟ್ನಿಗೆ ಬೇರೆ ಚಾರ್ಜು! ಒಂದು ಸೋಮವಾರ ಬೆಳಿಗ್ಗೆ ಬೋರ್ಡು ತೂಗುಹಾಕಿಯೇ ಬಿಟ್ಟರು. ಉಡುಪಿ ಹೋಟೆಲಿನಲ್ಲಿ ಚಟ್ನಿಗೆ ದುಡ್ಡು! ಗಾಳಿಗೆ ದುಡ್ಡು ಕೇಳಿದ್ದರೂ ಜನ ಕೊಡುತ್ತಿದ್ದರೇನೋ. ಆಫೀಸಿಗೆ ಓಡುವ ಗಡಿಬಿಡಿಯಲ್ಲಿದ್ದವರು ಟ್ರೇನು ಬಿಟ್ಟು ಜಗಳಕ್ಕೆ ನಿಂತರು. ದಿನಾ ಬರುವ ಅಜ್ಜರೊಬ್ಬರು ತಟ್ಟೆಯನ್ನು ಗಲ್ಲಾದ ಮೇಲೇ ಇಟ್ಟು, "ಅಹೋ ಅಣ್ಣಾ, ಚಟಣೀಚೇ ಪೈಸೇ? ಡೋಕಂ ಠಿಕಾಣ್ಯಾವರ್ ಆಹೇ ನಾ?" ಎಂದು ಮಾಮನ ತಲೆ ನೆಟ್ಟಗಿದೆಯೇ ಎಂದು ನೇರವಾಗಿ ಕೇಳಿದರು. ಅಷ್ಟರಲ್ಲಿ ಎದುರಿನ ಹೋಟೆಲಿನವರು ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದೂ ಆಗಿತ್ತು: ‘ಇಥೇ ಚಟಣೀ ಫುಕಟ್.’ ಇಲ್ಲಿ ಚಟ್ನಿ ಪುಕ್ಕಟೆ! ಮಧ್ಯಾಹ್ನದ ಊಟದ ಹೊತ್ತಿಗೆ ಮಾಮನ ಬೋರ್ಡು ಹಿತ್ತಿಲಿಗೆ ಹೋಯಿತು.

"ಗೇಮಿನವರು ಹೇಗೆ ನಡೆಸ್ತಾರೆ ಅಂತ ಗೊತ್ತಾಗುವುದಿಲ್ಲ ಮಾರಾಯ್ತಿ. ಅವರ ಗಿರಾಕಿಗಳು ಬಹಳ ಸಾಧು ಇರಬೇಕು" ಎಂದು ನನ್ನ ಹತ್ತಿರ ತೋಡಿಕೊಂಡರು.

ಕೊನೆಗೂ ಒಂದು ದಿನ ಆಫೀಸಿನ ಕಂಪ್ಯೂಟರಿನಲ್ಲಿ ಸುದ್ದಿ ನೋಡಿ ನಾನೇ ಕುರ್ಚಿಯಿಂದ ಹಾರಿದೆ. ಕರಿ ಪೆಟ್ಟಿಗೆಯ ಬೆಲೆ ಇಳಿದಿತ್ತು! ಫೋನು ಮಾಡಿದೆ. ಆಚೆಯಿಂದ ಒಂದು ಕೇಕೆ! ಅಂದು ಹೋಟೆಲಿಗೆ ಬಂದವರಿಗೆಲ್ಲ ಪೈನಾಪಲ್ ಶೀರಾ ಪುಕ್ಕಟೆ. ಏನು ವಿಶೇಷ ಎಂದು ಕೇಳಿದವರಿಗೆ, "ಕರಿ ಇಳೀತು, ಇನ್ನು ಬಿಳಿ ಇಳೀತದೆ" ಎಂಬ ಉತ್ತರ. ಮಗಳಿಗೆ ಮದುವೆ ನಿಶ್ಚಯವಾದಾಗಲೂ ಮಾಮ ಶೀರಾ ಹಂಚಿರಲಿಲ್ಲ! ತಾನು ಕೊಂಡೂ ಇಲ್ಲದ, ಕೊಳ್ಳುವ ಯೋಚನೆಯೂ ಇಲ್ಲದ ವಸ್ತುವಿನ ಬೆಲೆ ಇಳಿದದ್ದಕ್ಕೆ ಊರಿಗೆಲ್ಲ ಸಿಹಿ ಹಂಚಿದ ಮನುಷ್ಯ ಇವರೊಬ್ಬರೇ ಇರಬೇಕು.

ಅತ್ತೆ ಮಾತ್ರ ಮೆಲ್ಲಗೆ ಕೇಳಿದರು, "ಬಿಳಿಯದ್ದು ಯಾವಾಗ?"

"ಬಂತೇ ಬಂತು!"

ಬರಲಿಲ್ಲ. ಬಿಳಿ ಕಂಪನಿಯವರು ಬೆಲೆ ಇಳಿಸುವ ಬದಲು ಒಂದು ಗೇಮನ್ನು ಪುಕ್ಕಟೆ ಕೊಟ್ಟರು. ಮಾಮ ಒಂದು ಕ್ಷಣ ಪೆಚ್ಚಾದರೂ ಮರುಕ್ಷಣವೇ ಮೆಚ್ಚಿಕೊಂಡರು. "ಸಾಂಬಾರು ಎಕ್ಸ್‌ಟ್ರಾ ಕೊಟ್ಟ, ಇಡ್ಲಿ ರೇಟು ಮುಟ್ಟಲಿಲ್ಲ. ಹುಷಾರಿ ಉಂಟು! ಆದ್ರೆ ಎಷ್ಟು ದಿನ?" ಎಂದರು. ಆಮೇಲೆ ಡಾಲರ್ ಏರಿತೆಂದು ಬಿಳಿ ಪೆಟ್ಟಿಗೆಯ ರೇಟು ಒಂದು ಸುತ್ತು ಏರಿಯೂ ಬಿಟ್ಟಿತು. ಅಂದು ಮಾಮ ಸರಿಯಾಗಿ ಊಟ ಮಾಡಲಿಲ್ಲ. ಅತ್ತೆಯೇ ಅವರಿಗೆ ಸಮಾಧಾನ ಹೇಳಬೇಕಾಯಿತು! "ಹೋಗಲಿ ಬಿಡಿ, ಪಕ್ಕದ ಮನೆಯಲ್ಲಿ ಉಂಟಲ್ಲ" ಎಂದರು.

ಅದೂ ಹೋಯಿತು. ಸುಲಭಾ ವಹಿನಿ ನವಿ ಮುಂಬಯಿಯ ಸೀವುಡ್ಸ್‌ನಲ್ಲಿ ಹೊಸ ಫ್ಲ್ಯಾಟು ತೆಗೆದುಕೊಂಡು ಪೆಟ್ಟಿ–ಪೆಟಾರಿ ಸಮೇತ ಹೊರಟರು. ಹೊರಡುವ ದಿನ ಇಬ್ಬರೂ ಕೊನೆಯದಾಗಿ ಒಂದು ಆಟ ಆಡಿದರಂತೆ, ಅತ್ತೆ ಗೆದ್ದರಂತೆ, ಇಬ್ಬರೂ ಅತ್ತರಂತೆ. ಪಕ್ಕದ ಮನೆಗೆ ಬೀಗ ಬಿತ್ತು. ಸಂಜೆಯ ಹೊತ್ತು ಅತ್ತೆಗೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಮಾಮ ದಿನಾ ಬಂದು ಬೆಲೆಯ ವರದಿ ಒಪ್ಪಿಸುತ್ತಿದ್ದರು. ಅತ್ತೆ ‘ಹೌದಾ’ ಎನ್ನುತ್ತಿದ್ದರು. ಆಮೇಲಾಮೇಲೆ ಅದನ್ನೂ ಅನ್ನುವುದು ಕಡಿಮೆಯಾಯಿತು.

ಮಳೆಗಾಲದಲ್ಲಿ ಅತ್ತೆಯ ಬಲಗೈ ಭುಜ ಹಿಡಿದುಕೊಂಡಿತು. ಮೊದಮೊದಲು ಮೇಲಿನ ಡಬ್ಬ ತೆಗೆಯುವಾಗ ನೋವು; ಬರಬರುತ್ತ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುವುದೇ ನಿಂತಿತು. ಡಾಕ್ಟರು ಫ್ರೋಜನ್ ಶೋಲ್ಡರ್ ಎಂದರು. ಗುಳಿಗೆಗಿಂತ ವ್ಯಾಯಾಮ ಮುಖ್ಯ, ಕೈ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಇನ್ನೂ ಬಿಗಿಯುತ್ತದೆ ಎಂದರು. ಫಿಸಿಯೋಥೆರಪಿಯ ಹುಡುಗಿ ಬಂದು ಗೋಡೆಯ ಮೇಲೆ ಬೆರಳುಗಳನ್ನು ಮೆಟ್ಟಿಲು ಹತ್ತಿಸುವುದು ಹೇಗೆಂದು ತೋರಿಸಿಕೊಟ್ಟಳು. ಅತ್ತೆ ಕೆಲವು ದಿನ ಹತ್ತಿಸಿದರು, ಬಿಟ್ಟರು. "ಗೋಡೆಯ ಹತ್ತಿರ ಎಂತ ಆಡುವುದು? ಅದು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ" ಎಂದುಬಿಟ್ಟರು.

ಅತ್ತೆಗೆ ಮೊಣಕಾಲು ಮುಟ್ಟುವ ಕೂದಲು. ಕೈ ಏಳದೆ ಜಡೆ ಹಾಕುವುದು ಹೇಗೆ? ಆ ಕೆಲಸವನ್ನು ಮಾಮ ವಹಿಸಿಕೊಂಡರು! ನಾನು ಹೋದ ಭಾನುವಾರ ನೋಡಿದರೆ, ಅತ್ತೆ ಮಣೆಯ ಮೇಲೆ, ಹಿಂದೆ ಸ್ಟೂಲಿನ ಮೇಲೆ ಮಾಮ, ಬಾಯಲ್ಲಿ ಕ್ಲಿಪ್ಪು, ಕೈಯಲ್ಲಿ ಬಾಚಣಿಗೆ. ಜಡೆ ಕತ್ತಿನ ನಡುವಿನಿಂದ ಹೊರಟು ಎಡಗಡೆಯ ಕಂಕುಳಿಗೆ ಬಂದು ಮುಟ್ಟಿತ್ತು. ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡ" ಎಂದರು ಮಾಮ. "ಇವತ್ತಿನದ್ದು ನಿನ್ನೆಗಿಂತ ನೇರ ಉಂಟು." ಆಮೇಲೆ ಹುರುಪಿನಿಂದ, "ನಿಂಗೆ ಗೊತ್ತುಂಟಾ? ಕರಿಯವನು ಮತ್ತೆ ಇಳಿಸಿದ್ದಾನೆ. ದೀಪಾವಳಿಗೆ ಬಿಳಿ ಇಳಿಯದಿದ್ರೆ ನನ್ನ ಹೆಸರು ಬದಲಿಸು! ಈ ಸಲ ಗ್ಯಾರಂಟಿ!"

ಅತ್ತೆ ತಿರುಗಿ ನೋಡಲಿಲ್ಲ. ಸಿಟ್ಟೂ ಇಲ್ಲ, ದೂರೂ ಇಲ್ಲ, ಹಾಲು ಮುಗಿದಿದೆ ಎನ್ನುವಷ್ಟೇ ಸಹಜವಾಗಿ ಹೇಳಿದರು, "ಇನ್ನು ಇಳಿದ್ರೂ ಎಂತ ಪ್ರಯೋಜನ ಬಿಡಿ. ಬೀಸ್ಲಿಕ್ಕೆ ಕೈ ಬೇಕಲ್ಲ."

ಬಾಚಣಿಗೆ ಅಲ್ಲೇ ನಿಂತಿತು. ಮಾಮ ಬಾಯಿಯ ಕ್ಲಿಪ್ಪು ತೆಗೆದು, ಮತ್ತೆ ಬಾಯಿಗಿಟ್ಟುಕೊಂಡರು. ಅಂದು ಉಲ್ಹಾಸನಗರಕ್ಕೂ ಹೋಗಲಿಲ್ಲ.

ಎರಡು ದಿನ ಬಿಟ್ಟು ನಾನು ಆಫೀಸಿಗೆ ಹೊರಟಿದ್ದೆ, ಫೋನು ಬಂತು. "ರಜೆ ಹಾಕು. ಉಲ್ಹಾಸನಗರಕ್ಕೆ ಹೋಗ್ಲಿಕ್ಕುಂಟು." ನಾನು ಗಾಬರಿಯಾದೆ. ಮಂಗಳವಾರ! ಹೋಗಿ ಬರುವಷ್ಟರಲ್ಲಿ ಹೋಟೆಲಿನ ಊಟದ ಹೊತ್ತು! ಸ್ವಂತ ಮಗಳ ಹೆರಿಗೆಯ ದಿನವೂ ಊಟದ ಹೊತ್ತು ಮುಗಿಸಿಯೇ ಗಲ್ಲಾದಿಂದ ಎದ್ದವರು! ಬಿಳಿ ಪೆಟ್ಟಿಗೆಯ ಬೆಲೆ ಪಾತಾಳಕ್ಕೆ ಇಳಿದಿರಬೇಕು ಎಂದುಕೊಂಡು ಓಡಿದೆ. ಡೊಂಬಿವಲಿಯಲ್ಲಿ ಅವರನ್ನು ಸೇರಿಕೊಂಡು ಟ್ರೇನು ಹತ್ತಿದೆ. ಕಲ್ಯಾಣ ದಾಟಿತು, ವಿಠಲವಾಡಿ ದಾಟಿತು, ಮಾಮನ ಬಾಯಿಂದ ಬೆಲೆಯ ಒಂದು ಮಾತೂ ಇಲ್ಲ.

ಅಂಗಡಿಯಲ್ಲಿ ಶೇಠ್ ಎಂದಿನಂತೆ ಕ್ಯಾಲ್ಕುಲೇಟರ್ ಹೊರಗಿಟ್ಟ. ಮಾಮ ಬಿಳಿ ಪೆಟ್ಟಿಗೆಯ ಕಡೆ ಬೆರಳು ತೋರಿಸಿ, "ಪ್ಯಾಕ್ ಕರೋ" ಎಂದರು.

ಶೇಠ್ ಅವರನ್ನು ನೋಡಿದ. ನನ್ನನ್ನು ನೋಡಿದ. "ಅಂಕಲ್, ರೇಟ್ ತೋ ಪೂಛೋ!" ಎಂದು ರೇಟು ಕೇಳಲು ತಾನೇ ನೆನಪಿಸಿದ.

"ಪ್ಯಾಕ್ ಕರೋ."

ನಾನು ಮಾಮನ ತೋಳು ಹಿಡಿದು ಕಿವಿಯಲ್ಲಿ ಹೇಳಿದೆ, "ಮಾಮ, ಬೆಲೆ ಇಳಿದೇ ಇಲ್ಲವಲ್ಲ! ದೀಪಾವಳಿಗೆ ಗ್ಯಾರಂಟಿ ಅಂತ ನೀವೇ ಹೇಳಿದ್ದಿರಿ."

"ಇಳೀತದೆ. ಗ್ಯಾರಂಟಿ."

"ಮತ್ತೆ ಅಲ್ಲಿ ತನಕ ಕಾಯಬಹುದಲ್ಲ?"

ಮಾಮ ಜೇಬಿಗೆ ಕೈಹಾಕಿದರು. "ಇಷ್ಟು ದಿನ ಕಾದದ್ದು ನಾನಾ ಮಾರಾಯ್ತಿ? ಕಾದದ್ದು ಅವಳು" ಎಂದರು.

ಮಾಮ ಪೂರ್ತಿ ದುಡ್ಡು ಎಣಿಸದೆ ಕೊಟ್ಟರು. ಒಂದು ಕೈಚೀಲ ಕೂಡ ಕೇಳಲಿಲ್ಲ! ಶೇಠ್ ನನ್ನನ್ನು ಪಕ್ಕಕ್ಕೆ ಕರೆದು, "ಅಂಕಲ್ ಕೀ ತಬಿಯತ್ ಠೀಕ್ ಹೈ ನಾ?" ಎಂದು ಪಿಸುಗುಟ್ಟಿದ. ಆರಾಮಾಗಿದ್ದಾರೆ ಎಂದರೂ ನಂಬಲಿಲ್ಲ. ಮಾಮನಿಂದ ಪೂರ್ತಿ ರೇಟು ತೆಗೆದುಕೊಂಡದ್ದು ಅವನಿಗೆ ಜೀರ್ಣವಾಗಲೇ ಇಲ್ಲ. ಮೆಟ್ಟಿಲ ತನಕ ಓಡಿ ಬಂದು ಆಟದಲ್ಲಿ ಬೀಸುವ ಇನ್ನೊಂದು ಹಿಡಿಯನ್ನು ಮಾಮನ ಕೈಗೆ ತುರುಕಿದ, ಪುಕ್ಕಟೆ ಕೊಡದಿದ್ದರೆ ತನಗೆ ನಿದ್ದೆ ಬರುವುದಿಲ್ಲವಂತೆ. "ಲೇ ಜಾವೋ ಅಂಕಲ್, ಫ್ರೀ! ನಹೀ ತೋ ಮುಝೇ ನೀಂದ್ ನಹೀ ಆಯೇಗೀ."

ದೀಪಾವಳಿ ಬಂತು. ಮಾಮ ಹೇಳಿದಂತೆಯೇ, ಹೇಳಿದ ವಾರದಲ್ಲೇ, ಪೇಪರಿನ ಅರ್ಧ ಪುಟಕ್ಕೆ ಜಾಹೀರಾತು! ಬಿಳಿ ಪೆಟ್ಟಿಗೆ ಇಳಿದಿತ್ತು. ಎಂಥ ಇಳಿತ! ಇಷ್ಟು ವರ್ಷಗಳಲ್ಲಿ ಮಾಮನ ಮಾತು ಪೂರ್ತಿ ನಿಜವಾದದ್ದು ಅದೊಂದೇ ಸಲ, ಅದೂ ಅವರು ಕೊಂಡ ಮೇಲೆ! ಹೇಳದೆ ಇರಲಾಗಲಿಲ್ಲ. ಫೋನು ಮಾಡಿದೆ. ಆಚೆಯಿಂದ ಟಿವಿಯ ಜನರ ಚಪ್ಪಾಳೆ, ಅದರ ಮೇಲೆ ಅತ್ತೆಯ ಕೂಗು: "ಹೋಯ್, ಫೋನಲ್ಲಿ ಎಂತ ಮಾಡ್ತೀರಿ? ಸರ್ವಿಸ್ ನಿಮ್ಮದು!"

"ಮಾಮ, ಬಿಳಿಯದ್ದು ಇಳೀತು" ಎಂದೆ. "ಪೇಪರಿನಲ್ಲಿ ಬಂದಿದೆ. ನೋಡಿದಿರಾ?"

ಮಾಮ ಏದುಸಿರು ಬಿಡುತ್ತಿದ್ದರು. "ಇಳೀಲಿ ಬಿಡು. ಇಲ್ಲಿ ನಿನ್ನ ಅತ್ತೆಯ ಕೈ ತಲೆಯ ಹಿಂದೆ ತನಕ ಹೋಗ್ತಾ ಉಂಟು" ಎಂದರು. ಆಮೇಲೆ ಸಣ್ಣ ಸ್ವರದಲ್ಲಿ ಸೇರಿಸಿದರು, "ಇವತ್ತು ಜಡೆ ಅವಳೇ ಹಾಕ್ಕೊಂಡಳು ಮಾರಾಯ್ತಿ. ನಾನು ಬಾಚಣಿಗೆ ಹಿಡ್ಕೊಂಡು ಕೂತಿದ್ದೆ, ನನ್ನನ್ನು ಕರೀಲೇ ಇಲ್ಲ."